ಮೂದಲಿಕೆಯ ಕಟ್ಟುಪಾಡು

ಬೈಗುಳಕ್ಕೆ ಇಬ್ಬರಿದ್ದರೆ ಸಾಕು, ಮೂದಲಿಕೆಗೆ ಮೂವರು ಬೇಕು. ಆಡುವವನು ಒಬ್ಬ, ಆಡಿಸಿಕೊಳ್ಳುವವನು ಒಬ್ಬ. ಮೂರನೆಯವನು ಪಕ್ಕದಲ್ಲಿದ್ದು ಕೇಳುವವನು. ಮಾತಿನ ಮೊನೆ ತಗಲುವುದು ಎರಡನೆಯವನಿಗಾದರೂ ಅದು ಎಷ್ಟು ಚೂಪಾಗಿತ್ತೆಂದು ತೀರ್ಮಾನಿಸುವವನು ಮೂರನೆಯವನೇ. ಅವನು ನಕ್ಕರೆ ಮೂದಲಿಕೆ ಗೆದ್ದಿತು. ಮುಖ ಕಿವಿಚಿದರೆ ಅದು ಬರಿಯ ಬೈಗುಳವಾಗಿ ನೆಲಕ್ಕೆ ಬಿತ್ತು. ಸಿಗ್ಮಂಡ್ ಫ್ರಾಯ್ಡ್ 1905ರಲ್ಲಿ ಪ್ರಕಟಿಸಿದ ಹಾಸ್ಯೋಕ್ತಿಗಳ ಕುರಿತ ಪುಸ್ತಕದಲ್ಲಿ ಇದೇ ಮೂವರನ್ನು ಗುರುತಿಸಿದ್ದಾನೆ. ಒಬ್ಬನನ್ನು ನೇರವಾಗಿ ಬೈಯಲು ಲೋಕ ಬಿಡದಿದ್ದಾಗ ಚಮತ್ಕಾರ ಹಿಂಬಾಗಿಲು ತೆರೆದುಕೊಡುತ್ತದೆ, ನಕ್ಕ ಕೇಳುಗ ತನಗರಿವಿಲ್ಲದೆಯೇ ಬೈದವನ ಪಕ್ಷ ಸೇರಿಬಿಡುತ್ತಾನೆ ಎಂಬುದು ಅವನ ವಿವರಣೆ. ಹಳ್ಳಿಯ ಕಟ್ಟೆಯಲ್ಲಿ, ಮದುವೆಯ ಚಪ್ಪರದಲ್ಲಿ, ತಾಳಮದ್ದಳೆಯ ಕೂಟದಲ್ಲಿ ಈ ತಿಳಿವಳಿಕೆ ಫ್ರಾಯ್ಡನಿಗಿಂತ ಬಹಳ ಮೊದಲೇ ಬಳಕೆಯಲ್ಲಿತ್ತು.

ಕೇಳುಗನ ಜೊತೆಗೆ ಇನ್ನೊಂದು ಬೇಕು: ಕಟ್ಟು. ಎಲ್ಲಿ ಆಡಬಹುದು, ಎಷ್ಟು ಹೊತ್ತು ಆಡಬಹುದು, ಯಾವ ಧಾಟಿಯಲ್ಲಿ ಆಡಬೇಕು, ಯಾರು ನಿಲ್ಲಿಸಬೇಕು ಎಂಬ ಒಪ್ಪಂದ. ಛಂದಸ್ಸು, ಪ್ರಾಸ, ಶ್ಲೇಷೆ, ಪಾತ್ರ, ನೆಂಟಸ್ತಿಕೆ, ಹಬ್ಬದ ದಿನ ಇವೆಲ್ಲ ಅಂಥ ಕಟ್ಟುಗಳೇ. ಮೂದಲಿಕೆ ಕಲೆಯಾಗಿ ಬೆಳೆದ ಕಡೆಗಳಲ್ಲೆಲ್ಲ ಸಮುದಾಯವೊಂದು ಅದಕ್ಕೆ ಬೇಲಿ ಹಾಕಿ ಜಾಗ ಬಿಟ್ಟುಕೊಟ್ಟಿರುವುದು ಕಾಣುತ್ತದೆ. ಬೇಲಿ ಬಿಗಿಯಾದಷ್ಟೂ ಒಳಗಿನ ಮಾತು ಮೊನಚಾಗಿದೆ.

ಭಾರತೀಯ ಅಲಂಕಾರಶಾಸ್ತ್ರ ಈ ವಿದ್ಯೆಯ ಒಳಗನ್ನು ಬಹಳ ಸೂಕ್ಷ್ಮವಾಗಿ ಬಿಡಿಸಿದೆ. ಬೈಯುವ ಹಾಗೆ ಕಂಡರೂ ಹೊಗಳುವುದನ್ನು ದಂಡಿಯಂಥ ಹಳೆಯ ಲಾಕ್ಷಣಿಕರು ವ್ಯಾಜಸ್ತುತಿ ಎಂದು ಕರೆದರು. ಹೊಗಳುವ ಹಾಗೆ ಕಂಡು ಬೈಯುವುದನ್ನೂ ಮಮ್ಮಟ ಅದೇ ಹೆಸರಿನಲ್ಲಿ ಸೇರಿಸಿಕೊಂಡ. ಜಿಪುಣನ ಮನೆಯಲ್ಲಿ ಉಂಡು ಎದ್ದವನು ‘ನಿಮ್ಮ ಮನೆಯ ಊಟ ಉಂಡವರಿಗೆ ಅಜೀರ್ಣದ ಭಯವೇ ಇಲ್ಲ’ ಎಂದರೆ ಅದು ಈ ಎರಡನೆಯ ಬಗೆ. ಮಾತಿನಲ್ಲಿ ಒಂದಕ್ಷರವೂ ಕೆಟ್ಟದ್ದಿಲ್ಲ. ಮನೆಯವನು ಸಿಟ್ಟಾದರೆ ತನ್ನ ಜಿಪುಣತನವನ್ನು ತಾನೇ ಒಪ್ಪಿಕೊಂಡ ಹಾಗೆ, ಸುಮ್ಮನಿದ್ದರೆ ಪಂಕ್ತಿಯೆಲ್ಲ ನಗುತ್ತದೆ. ಎದುರಾಳಿಗೆ ಎರಡೂ ದಾರಿ ಮುಚ್ಚುವುದರಲ್ಲಿಯೇ ಈ ಅಲಂಕಾರದ ಜಾಣ್ಮೆಯಿದೆ.

ವಕ್ರೋಕ್ತಿ ಇನ್ನೊಂದು ಆಯುಧ. ಕುಂತಕ ಈ ಪದವನ್ನು ಕಾವ್ಯದ ಜೀವಾಳವೆಂಬ ವಿಶಾಲ ಅರ್ಥದಲ್ಲಿ ಬಳಸಿದರೂ, ರುದ್ರಟನ ಲೆಕ್ಕದಲ್ಲಿ ಅದು ಒಬ್ಬನಾಡಿದ ಮಾತನ್ನು ಇನ್ನೊಬ್ಬ ಬೇಕೆಂದೇ ಬೇರೆ ಅರ್ಥಕ್ಕೆ ತಿರುಗಿಸುವ ಶಬ್ದಾಲಂಕಾರ. ಶ್ಲೇಷೆಯಿಂದ ತಿರುಗಿಸುವುದು ಒಂದು ಬಗೆ, ದನಿಯ ಏರಿಳಿತದಿಂದ ತಿರುಗಿಸುವುದು ಇನ್ನೊಂದು. ‘ನಮ್ಮದು ಮೂರು ತಲೆಮಾರಿನ ಪಾಂಡಿತ್ಯ’ ಎಂದು ಬೀಗಿದವನಿಗೆ ‘ಮೂರು ತಲೆ ಮಾರಿಯಾಯಿತಲ್ಲ, ನಾಲ್ಕನೆಯದನ್ನಾದರೂ ಉಳಿಸಿಕೊಳ್ಳಿ’ ಎಂದು ಉತ್ತರಿಸಿದರೆ ಆಯುಧ ಅವನದ್ದೇ, ಗಾಯವೂ ಅವನದ್ದೇ. ದನಿಯ ಬಗೆ ಬರಹಕ್ಕೆ ಸಿಗದು. ‘ಓಹೋ, ನಿಮ್ಮಂಥ ಸತ್ಯವಂತರು ಇನ್ನೊಬ್ಬರುಂಟೇ’ ಎಂಬ ಮಾತು ಹಾಳೆಯ ಮೇಲೆ ಹೊಗಳಿಕೆ, ಬಾಯಲ್ಲಿ ಬೇರೆಯೇ.

ನಾಟ್ಯಶಾಸ್ತ್ರದ ಪರಂಪರೆಯೂ ಇದಕ್ಕೆ ತಕ್ಕ ಜಾಗ ಕೊಟ್ಟಿದೆ. ‘ವೀಥಿ’ ಎಂಬ ರೂಪಕಕ್ಕೆ ಹೇಳಿರುವ ಹದಿಮೂರು ಅಂಗಗಳಲ್ಲಿ ಕೆಲವು ನೇರವಾಗಿ ಮೂದಲಿಕೆಗೆ ಸಂಬಂಧಿಸಿದವು. ಇಬ್ಬರು ಪರಸ್ಪರ ಸುಳ್ಳುಸುಳ್ಳೇ ಹೊಗಳಿಕೊಂಡು ನಗಿಸುವುದು ‘ಪ್ರಪಂಚ’. ಒಬ್ಬರ ಮಾತನ್ನು ಇನ್ನೊಬ್ಬರ ಮಾತು ಮೀರುತ್ತಾ ಹೋಗುವುದು ‘ಅಧಿಬಲ’. ಗುಣವನ್ನು ದೋಷವೆಂದೂ ದೋಷವನ್ನು ಗುಣವೆಂದೂ ತೋರಿಸುವುದು ‘ಮೃದವ’. ಹತ್ತನೆಯ ಶತಮಾನದ ಧನಂಜಯನ ದಶರೂಪಕದಲ್ಲಿ ಈ ಲಕ್ಷಣಗಳು ಅಚ್ಚುಕಟ್ಟಾಗಿ ಸಿಗುತ್ತವೆ. ಅಂದಿನ ರಂಗದಲ್ಲಿ ಮಾತಿನ ಜಟಾಪಟಿಗೆ ಎಷ್ಟು ಬೆಲೆಯಿತ್ತು ಎಂಬುದಕ್ಕೆ ಇದೊಂದೇ ಪಟ್ಟಿ ಸಾಕು.

ಶಾಸ್ತ್ರಕ್ಕಿಂತ ಕಾವ್ಯದ ಉದಾಹರಣೆಗಳು ಬಲವಾಗಿವೆ. ಮಾಘನ ಶಿಶುಪಾಲವಧೆಯ ಹದಿನಾರನೆಯ ಸರ್ಗದಲ್ಲಿ ಶಿಶುಪಾಲನ ದೂತ ಕೃಷ್ಣನ ಸಭೆಗೆ ಬಂದು ಮಾತಾಡುತ್ತಾನೆ. ಆ ಮಾತುಗಳನ್ನು ಒಂದು ರೀತಿಯಲ್ಲಿ ಬಿಡಿಸಿದರೆ ಕ್ಷಮಾಪಣೆ, ಇನ್ನೊಂದು ರೀತಿಯಲ್ಲಿ ಬಿಡಿಸಿದರೆ ಉರಿಯುವ ನಿಂದೆ. ಸಾತ್ಯಕಿ ಅದರ ಒಳಗುಟ್ಟನ್ನು ಹಿಡಿದು ಉತ್ತರ ಕೊಡುತ್ತಾನೆ. ದೂತನಿಗೆ ಪ್ರಾಣಭಯವಿರುವ ಕಡೆ ಶ್ಲೇಷೆ ಬರಿಯ ಪಾಂಡಿತ್ಯದ ಪ್ರದರ್ಶನವಲ್ಲ, ರಕ್ಷಾಕವಚ. ‘ನಾನು ಆಡಿದ್ದು ಆ ಅರ್ಥದಲ್ಲಿ ಅಲ್ಲ’ ಎಂದು ಹೇಳಿಕೊಳ್ಳಲು ಅವಕಾಶ ಇಟ್ಟುಕೊಳ್ಳುವುದು ಇಂದಿಗೂ ಚುಚ್ಚುಮಾತಿನ ಮೊದಲ ಪಾಠ.

ಮಹಾಭಾರತದ ಕರ್ಣಪರ್ವದಲ್ಲಿ ಬರುವ ಶಲ್ಯ–ಕರ್ಣರ ಸಂವಾದ ಈ ವಿಷಯದಲ್ಲಿ ಎಲ್ಲಕ್ಕಿಂತ ದೊಡ್ಡ ಪಾಠಶಾಲೆ. ಯುದ್ಧಕ್ಕೆ ಮೊದಲೇ ಧರ್ಮರಾಯ ಶಲ್ಯನಲ್ಲಿ ಒಂದು ಮಾತು ತೆಗೆದುಕೊಂಡಿರುತ್ತಾನೆ: ಕರ್ಣನಿಗೆ ಸಾರಥಿಯಾದಾಗ ಅವನ ತೇಜಸ್ಸನ್ನು ಮಾತಿನಿಂದ ಕುಗ್ಗಿಸಬೇಕು. ಶಲ್ಯನೂ ಸಾರಥ್ಯಕ್ಕೆ ಒಪ್ಪುವಾಗ, ತನ್ನ ಮನಸ್ಸಿಗೆ ಬಂದದ್ದನ್ನು ಆಡುವ ಸ್ವಾತಂತ್ರ್ಯ ಬೇಕೆಂದು ಕೇಳಿ ಪಡೆಯುತ್ತಾನೆ. ಕಟ್ಟು ಇಲ್ಲಿ ಕರಾರಿನ ರೂಪದಲ್ಲಿಯೇ ಇದೆ. ರಥ ಹೊರಟ ಮೇಲೆ ಶಲ್ಯ ಕಾಗೆ–ಹಂಸದ ಕಥೆ ಹೇಳುತ್ತಾನೆ. ಕಡಲ ತೀರದ ವೈಶ್ಯನೊಬ್ಬನ ಮಕ್ಕಳ ಎಂಜಲು ತಿಂದು ಕೊಬ್ಬಿದ ಕಾಗೆ, ತನಗೆ ನೂರೊಂದು ಬಗೆಯ ಹಾರಾಟ ಗೊತ್ತೆಂದು ಹಂಸಕ್ಕೆ ಸವಾಲು ಹಾಕಿತು. ಒಂದೇ ಬಗೆ ಬಲ್ಲ ಹಂಸ ಸಮುದ್ರದ ಮೇಲೆ ನಿರಾಯಾಸವಾಗಿ ಸಾಗಿದಾಗ ಕಾಗೆ ದಣಿದು ನೀರಿಗೆ ಬಿತ್ತು. ಕೊನೆಗೆ ಹಂಸವೇ ಅದನ್ನು ಎತ್ತಿ ದಡ ಸೇರಿಸಿತು. ಕೌರವರ ಎಂಜಲು ಉಂಡು ಬೆಳೆದ ನೀನು ಆ ಕಾಗೆಯ ಹಾಗೆ ಎಂಬ ಹೋಲಿಕೆಯನ್ನು ಶಲ್ಯ ಕಥೆಯ ಕೊನೆಗೆ ಜೋಡಿಸುತ್ತಾನೆ. ಕೇಳುಗ ಅಷ್ಟರಲ್ಲಿ ಕಾಗೆಯನ್ನು ಕಂಡು ನಕ್ಕಾಗಿರುತ್ತದೆ.

ಇದಕ್ಕೆ ಕರ್ಣ ಕೊಡುವ ಉತ್ತರ ಗಮನಿಸಬೇಕಾದದ್ದು. ಅವನು ಶಲ್ಯನ ನಾಡನ್ನು, ಮದ್ರದೇಶದ ಜನರ ಆಚಾರವನ್ನು, ಊಟವನ್ನು, ಕುಡಿತವನ್ನು, ಹೆಂಗಸರನ್ನು ಸಾಲುಸಾಲಾಗಿ ಹಳಿಯುತ್ತಾನೆ. ನೋವು ತಿಂದವನ ಕೋಪ ಎಂಬುದು ನಿಜ, ಕರ್ಣನ ಬಗ್ಗೆ ಓದುಗನಿಗೆ ಮರುಕ ಹುಟ್ಟುವುದೂ ನಿಜ. ಆದರೆ ಕಲೆಯ ಲೆಕ್ಕದಲ್ಲಿ ಅವನು ಸೋತದ್ದು ಇಲ್ಲಿಯೇ. ಶಲ್ಯ ಒಬ್ಬ ವ್ಯಕ್ತಿಯ ಒಂದು ದೌರ್ಬಲ್ಯವನ್ನು, ಬಡಾಯಿಯನ್ನು, ಆರಿಸಿಕೊಂಡು ಅದಕ್ಕೆ ರೂಪ ಕೊಟ್ಟ; ಕರ್ಣ ಒಬ್ಬನ ಮೇಲಿನ ಸಿಟ್ಟನ್ನು ಒಂದು ಜನಾಂಗದ ಮೇಲೆ ಸುರಿದ. ಮೂದಲಿಕೆಗೂ ದ್ವೇಷದ ಮಾತಿಗೂ ಇರುವ ಗಡಿಯನ್ನು ವ್ಯಾಸಭಾರತ ಇಷ್ಟು ಸ್ಪಷ್ಟವಾಗಿ ಪಕ್ಕಪಕ್ಕದಲ್ಲಿಟ್ಟು ತೋರಿಸಿದೆ.

ಕನ್ನಡದ ಕವಿಗಳಿಗೆ ಭಾರತದ ಕಥೆ ಅಚ್ಚುಮೆಚ್ಚಾಗಲು ಈ ಮಾತಿನ ಕಾಳಗವೂ ಒಂದು ಕಾರಣವಿರಬೇಕು. ರನ್ನನ ಗದಾಯುದ್ಧದಲ್ಲಿ ವೈಶಂಪಾಯನ ಸರೋವರದ ನೀರಿನಲ್ಲಿ ಅಡಗಿದ ದುರ್ಯೋಧನನನ್ನು ಹೊರಗೆ ತರುವುದು ಗದೆಯಲ್ಲ, ಭೀಮನ ಮೂದಲಿಕೆ. ದಡದಲ್ಲಿ ನಿಂತು ಭೀಮ ಆಡಿದ ಮಾತು ಕೇಳಿ ತಣ್ಣನೆಯ ನೀರಿನೊಳಗೂ ಸಿಟ್ಟಿಗೆ ಬೆವರುವ ದುರ್ಯೋಧನನ ಚಿತ್ರ ಕನ್ನಡಿಗರಿಗೆ ಚಿರಪರಿಚಿತ. ಅಡಗಿಕೊಂಡಿದ್ದರೆ ಜೀವ ಉಳಿಯುತ್ತಿತ್ತು. ಕೇಳಿಸಿಕೊಂಡ ಮೇಲೆ ಮಾನ ಉಳಿಯುವುದಿಲ್ಲ. ಛಲವೇ ಉಸಿರಾದವನಿಗೆ ಯಾವ ಮಾತು ತಗಲುತ್ತದೆ ಎಂದು ಭೀಮನಿಗೆ ಗೊತ್ತು. ಹೇಡಿತನದ ಆರೋಪವನ್ನು ಹೇಡಿಯ ಮುಂದೆ ಆಡಿದ್ದರೆ ಅವನು ಇನ್ನಷ್ಟು ಆಳಕ್ಕೆ ಮುಳುಗುತ್ತಿದ್ದ. ಎದುರಾಳಿಯ ಗುಣವನ್ನೇ ಗಾಳವಾಗಿಸಿಕೊಳ್ಳುವ ಈ ತಿಳಿವಳಿಕೆಯಲ್ಲಿ ಒಂದು ಬಗೆಯ ಗೌರವವೂ ಅಡಗಿದೆ. ರನ್ನ ಅದನ್ನು ಅರಿತೇ ಬರೆದಿದ್ದಾನೆ.

ಕುಮಾರವ್ಯಾಸನ ವಿರಾಟಪರ್ವದಲ್ಲಿ ಈ ವಿದ್ಯೆ ನಗೆಯ ಕಡೆಗೆ ಹೊರಳುತ್ತದೆ. ಹೆಂಗಳೆಯರ ನಡುವೆ ಕುಳಿತು ಕೌರವಸೇನೆಯನ್ನು ಮಾತಿನಲ್ಲೇ ಸದೆಬಡಿಯುವ ಉತ್ತರಕುಮಾರ, ರಣರಂಗ ಕಂಡೊಡನೆ ರಥದಿಂದ ಹಾರಿ ಓಡುತ್ತಾನೆ. ಕವಿ ಅವನನ್ನು ಬೈಯುವುದೇ ಇಲ್ಲ; ಅವನ ಬಾಯಿಂದಲೇ ಅವನನ್ನು ಆಡಿಸಿ ಸುಮ್ಮನಾಗುತ್ತಾನೆ. ಈ ಪ್ರಸಂಗ ಜನಮನದಲ್ಲಿ ಎಷ್ಟು ನಾಟಿತೆಂದರೆ ‘ಉತ್ತರನ ಪೌರುಷ ಒಲೆ ಮುಂದೆ’ ಎಂಬ ಗಾದೆ ಕಾವ್ಯ ಓದದವರ ಬಾಯಲ್ಲೂ ಉಳಿದಿದೆ.

ಕನಕದಾಸರ ರಾಮಧಾನ್ಯಚರಿತೆಗೆ ಈ ಚರಿತ್ರೆಯಲ್ಲಿ ಪ್ರತ್ಯೇಕ ಸ್ಥಾನ ಸಲ್ಲಬೇಕು. ಅಲ್ಲಿ ಜಗಳವಾಡುವವರು ಅರಸರೂ ಅಲ್ಲ, ವೀರರೂ ಅಲ್ಲ: ಅಕ್ಕಿ ಮತ್ತು ರಾಗಿ. ರಾಮನ ಸಭೆಯಲ್ಲಿ ಯಾವ ಧಾನ್ಯ ದೊಡ್ಡದೆಂಬ ಪ್ರಶ್ನೆ ಎದ್ದಾಗ ಅಕ್ಕಿ ತನ್ನ ಕುಲವನ್ನೂ ಯಜ್ಞ, ಮದುವೆಗಳಲ್ಲಿನ ತನ್ನ ಮಾನ್ಯತೆಯನ್ನೂ ಎತ್ತಿ ರಾಗಿಯನ್ನು ಕೀಳೆಂದು ಜರಿಯುತ್ತದೆ. ರಾಗಿ ಹಿಂಜರಿಯುವುದಿಲ್ಲ. ಬಡವರನ್ನು ಕಂಡರೆ ದೂರ ಸರಿದು ಸಿರಿವಂತರ ಬೆನ್ನು ಹತ್ತುವುದು ಯಾರು, ಹೆಣದ ಬಾಯಿಗೆ ಹಾಕುವ ಕಾಳು ಯಾವುದು, ಮಳೆ ಹೋದ ವರ್ಷ ಜನರ ಜೀವ ಉಳಿಸುವವರು ಯಾರು ಎಂದು ಅಕ್ಕಿಯ ಹೆಚ್ಚುಗಾರಿಕೆಯನ್ನು ಒಂದೊಂದಾಗಿ ಬುಡಮೇಲು ಮಾಡುತ್ತದೆ. ಶಾಸ್ತ್ರದ ಭಾಷೆಯಲ್ಲಿ ಇದು ಮೃದವವೇ: ಶುಭಕಾರ್ಯದ ಅಕ್ಕಿಯೇ ಸಾವಿನ ಅಕ್ಕಿ ಎಂದು ತೋರಿಸಿದೊಡನೆ ಗುಣ ದೋಷವಾಯಿತು. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸಿ ತೀರ್ಪು ಕೊಡುವಾಗ ಅಕ್ಕಿ ಕೆಟ್ಟಿತ್ತು, ರಾಗಿ ಕೆಡದೆ ಉಳಿದಿತ್ತು. ಕುಲದ ಹೆಸರಿನಲ್ಲಿ ಜರಿಸಿಕೊಂಡವರು ತಿರುಗಿ ಜರಿಯುವ ಹಕ್ಕನ್ನು ಕಾವ್ಯದ ಕಟ್ಟಿನೊಳಗೆ ಇಷ್ಟು ಧೈರ್ಯವಾಗಿ ಕೊಟ್ಟ ಕೃತಿ ಹಳಗಾಲದ ಸಾಹಿತ್ಯದಲ್ಲಿ ಅಪರೂಪ. ಜಗಳವಾಡುವವರು ಧಾನ್ಯಗಳಾದ್ದರಿಂದ ಯಾವ ಮನುಷ್ಯನೂ ಎದ್ದು ಆಕ್ಷೇಪಿಸುವ ಹಾಗಿರಲಿಲ್ಲ. ಕೇಳಿದವರಿಗೆಲ್ಲ ಮಾತ್ರ ಅರ್ಥವಾಗುತ್ತಿತ್ತು.

ದೇವರನ್ನೇ ಬೈಯುವ ನಿಂದಾಸ್ತುತಿ ದಕ್ಷಿಣ ಭಾರತದ ಭಕ್ತಿ ಪರಂಪರೆಯ ಹೆಮ್ಮೆಯ ಬೆಳೆ. ತಮಿಳಿನ ಶೈವ ಕವಿ ಸುಂದರಮೂರ್ತಿಯ ಕಥೆ ಇದಕ್ಕೆ ಮೂಲಪುರಾಣದಂತಿದೆ. ಅವನ ಮದುವೆಯ ದಿನ ಮುದುಕನ ವೇಷದಲ್ಲಿ ಬಂದ ಶಿವ, ಈತ ತನ್ನ ಆಳು ಎಂದು ಹಳೆಯ ಕರಾರುಪತ್ರ ತೋರಿಸಿದ. ಸಿಟ್ಟಿಗೆದ್ದ ಸುಂದರಮೂರ್ತಿ ‘ಹುಚ್ಚ’ ಎಂದು ಬೈದ. ಗುಟ್ಟು ಬಯಲಾದ ಮೇಲೆ ಶಿವ ಅದೇ ಬೈಗುಳದಿಂದ ಹಾಡು ಆರಂಭಿಸು ಎಂದನಂತೆ. ಅವನ ಮೊದಲ ಹಾಡು ಹಾಗೆಯೇ ಆರಂಭವಾಗುತ್ತದೆ. ಈ ಭಕ್ತನ ಕಥೆಯನ್ನು ಹರಿಹರ ನಂಬಿಯಣ್ಣನ ರಗಳೆಯಲ್ಲಿ ಕನ್ನಡಕ್ಕೆ ತಂದ. ಮುಂದೆ ಪುರಂದರದಾಸರೂ ಇತರ ಹರಿದಾಸರೂ ವಿಷ್ಣುವನ್ನು ಕಳ್ಳ, ಸಾಲಗಾರ, ನೆಲೆಯಿಲ್ಲದವ, ಮಾತಿಗೆ ತಪ್ಪುವವ ಎಂದೆಲ್ಲ ಛೇಡಿಸಿ ಹಾಡಿದರು. ತಮಿಳಿನಲ್ಲಿ ಕಾಳಮೇಘಕವಿ, ತೆಲುಗಿನಲ್ಲಿ ಆಂಧ್ರನಾಯಕ ಶತಕದ ಕಾಸುಲ ಪುರುಷೋತ್ತಮ ಕವಿ ಈ ದಾರಿಯಲ್ಲಿ ಹೆಸರಾದವರು. ಹೊರಗಿನವನಿಗೆ ನಿಂದೆಯಾಗಿ ಕೇಳುವ ಮಾತು ಒಳಗಿನವನಿಗೆ ಸಲಿಗೆ. ದೇವರು ಮುನಿಯುವುದಿಲ್ಲ ಎಂಬ ಭರವಸೆಯ ಮೇಲೆ ಈ ಇಡೀ ಪ್ರಕಾರ ನಿಂತಿದೆ; ಭಯ ಮಾತ್ರ ಇರುವ ಭಕ್ತಿಯಲ್ಲಿ ಇದು ಹುಟ್ಟಲಾರದು.

ಸಲಿಗೆಯ ಕಟ್ಟು ಮನೆಯಂಗಳದಲ್ಲೂ ಕೆಲಸ ಮಾಡುತ್ತದೆ. ಕರ್ನಾಟಕದ ಬಹುಪಾಲು ಸಮುದಾಯಗಳ ಮದುವೆಗಳಲ್ಲಿ ಬೀಗರನ್ನು ಜರಿಯುವ ಹಾಡುಗಳಿದ್ದವು, ಕೆಲವು ಕಡೆ ಈಗಲೂ ಇವೆ. ಹೆಣ್ಣಿನ ಕಡೆಯ ಹೆಂಗಸರು ಗಂಡಿನ ತಾಯಿಯ ನಡಿಗೆ, ಬೀಗರ ಹೊಟ್ಟೆಬಾಕತನ, ಅವರು ತಂದ ಸೀರೆಯ ಬಣ್ಣ ಇವನ್ನೆಲ್ಲ ಹಾಡಿನಲ್ಲಿ ಎತ್ತಿ ಆಡುತ್ತಾರೆ. ಎದುರು ಕಡೆಯವರಿಗೆ ಉತ್ತರದ ಹಾಡು ಬರದಿದ್ದರೆ ಅವಮಾನ. ಉತ್ತರ ಭಾರತದಲ್ಲೂ ಇದು ಹಳೆಯ ಪದ್ಧತಿ. ತುಲಸೀದಾಸರ ರಾಮಚರಿತಮಾನಸದಲ್ಲಿ ರಾಮನ ಮದುವೆಯ ಊಟದ ಹೊತ್ತಿಗೆ ಮಿಥಿಲೆಯ ಹೆಂಗಸರು ಇಂಪಾಗಿ ಬೈಗುಳದ ಹಾಡು ಹೇಳುತ್ತಾರೆ. ಪ್ರಾಚೀನ ರೋಮಿನ ಮದುವೆಗಳಲ್ಲಿಯೂ ಇಂಥ ಪದಗಳಿದ್ದವು. ಮಾನವಶಾಸ್ತ್ರಜ್ಞ ರ್‍ಯಾಡ್‌ಕ್ಲಿಫ್ ಬ್ರೌನ್ 1940ರ ಪ್ರಬಂಧವೊಂದರಲ್ಲಿ ಇದಕ್ಕೆ ಕಾರಣ ಹುಡುಕಿದ. ಮದುವೆ ಎರಡು ಗುಂಪುಗಳನ್ನು ಹತ್ತಿರ ತರುತ್ತದೆ, ಅದೇ ಹೊತ್ತಿಗೆ ಅವುಗಳ ಹಿತಾಸಕ್ತಿಗಳು ಬೇರೆಯಾಗಿಯೇ ಇರುತ್ತವೆ. ಈ ಬಿಗುವನ್ನು ನಿಭಾಯಿಸಲು ಅತಿಯಾದ ಮರ್ಯಾದೆ ಒಂದು ದಾರಿ, ಮುನಿಸಿಕೊಳ್ಳಬಾರದೆಂಬ ಕರಾರಿನ ಕೀಟಲೆ ಇನ್ನೊಂದು. ಅತ್ತೆಯ ಮಗ–ಮಾವನ ಮಗಳು, ಭಾವ–ಮೈದುನ ಇವರ ನಡುವೆ ಕನ್ನಡ ನಾಡಿನ ಮನೆಗಳಲ್ಲಿ ನಡೆಯುವ ಗೇಲಿಯೂ, ಮಾವನ ಎದುರು ಸೊಸೆ ತಲೆ ಬಾಗಿಸಿ ನಿಲ್ಲುವುದೂ ಒಂದೇ ವ್ಯವಸ್ಥೆಯ ಎರಡು ತುದಿಗಳು.

ಗಾದೆಗಳು ಸಿದ್ಧ ಮೂದಲಿಕೆಗಳ ಉಗ್ರಾಣ. ‘ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂ’, ‘ಕುಣಿಯಲಾರದವಳು ಅಂಗಳ ಡೊಂಕು ಅಂದಳು’, ‘ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದ’ ಇವುಗಳಲ್ಲಿ ಯಾರ ಹೆಸರೂ ಇಲ್ಲ. ಹೆಸರಿಲ್ಲದ ಮಾತನ್ನು ಗಾಳಿಗೆ ಬಿಟ್ಟರೆ ಅದು ತನ್ನವನನ್ನು ತಾನೇ ಹುಡುಕಿಕೊಳ್ಳುತ್ತದೆ. ಈ ವಿಧಾನಕ್ಕೂ ಒಂದು ಗಾದೆಯಿದೆ: ‘ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ.’ ಮನೆಗಳಲ್ಲಿ ಸೊಸೆಗೆ ಮುಟ್ಟಬೇಕಾದ ಮಾತನ್ನು ಮಗುವಿಗೋ ಬೆಕ್ಕಿಗೋ ಹೇಳುವುದು ಇದೇ ಉಪಾಯ. ಅದರಲ್ಲಿ ಜಾಣತನವಿದ್ದರೂ ಕೇಳುವ ಸೊಸೆಗೆ ತಿರುಗಿ ಆಡುವ ಹಕ್ಕಿಲ್ಲದಿದ್ದರೆ ಅದನ್ನು ಕಲೆಯೆನ್ನಲಾಗದು, ದಬ್ಬಾಳಿಕೆ ಎನ್ನಬೇಕು.

ತಿರುಗಿ ಆಡುವ ಹಕ್ಕೇ ಜೀವಾಳವಾದ ಪ್ರಕಾರಗಳು ಉತ್ತರ ಕರ್ನಾಟಕದಲ್ಲಿವೆ. ದಪ್ಪು, ತುಂತುಣಿ, ತಾಳ ಹಿಡಿದು ನಿಲ್ಲುವ ಗೀಗೀ ಮೇಳಗಳಲ್ಲಿ ಹರದೇಶಿಯವರು ಗಂಡು ಹೆಚ್ಚೆಂದೂ ನಾಗೇಶಿಯವರು ಹೆಣ್ಣು ಹೆಚ್ಚೆಂದೂ ಪಟ್ಟು ಹಿಡಿದು ರಾತ್ರಿಯಿಡೀ ಸವಾಲು–ಜವಾಬು ಹಾಡುತ್ತಾರೆ. ಶಿವ ದೊಡ್ಡವನೋ ಶಕ್ತಿ ದೊಡ್ಡವಳೋ ಎಂಬ ತತ್ತ್ವದಿಂದ ಹೊರಟ ವಾದ ಮನೆಯ ಜಗಳದವರೆಗೆ ಇಳಿಯುತ್ತದೆ, ಮತ್ತೆ ಪುರಾಣಕ್ಕೆ ಏರುತ್ತದೆ. ಎದುರಿನ ಮೇಳ ಕೇಳಿದ ಒಗಟಿಗೆ ಉತ್ತರ ಹೊಳೆಯದಿದ್ದರೆ ಜನ ಗದ್ದಲವೆಬ್ಬಿಸುತ್ತಾರೆ. ಬೆಳಗಾದ ಮೇಲೆ ಎರಡೂ ಮೇಳದವರು ಒಟ್ಟಿಗೆ ಚಹಾ ಕುಡಿಯುತ್ತಾರೆ.

ಕರಾವಳಿ ಮತ್ತು ಮಲೆನಾಡಿನ ತಾಳಮದ್ದಳೆಯಲ್ಲಿ ಈ ಕಲೆ ತನ್ನ ಅತ್ಯಂತ ಎತ್ತರದ ರೂಪ ಪಡೆದಿದೆ. ವೇಷವಿಲ್ಲ, ಕುಣಿತವಿಲ್ಲ. ಪಂಚೆ–ಶಾಲಿನಲ್ಲಿ ಎದುರುಬದುರಾಗಿ ಕುಳಿತ ಅರ್ಥಧಾರಿಗಳು, ಅವರ ನಡುವೆ ಭಾಗವತರು, ಚೆಂಡೆ, ಮದ್ದಳೆ. ಭಾಗವತರು ಹಾಡಿದ ಪದ್ಯಕ್ಕೆ ಅರ್ಥಧಾರಿ ಆ ಕ್ಷಣಕ್ಕೆ ಹೊಳೆದ ಮಾತು ಕಟ್ಟುತ್ತಾನೆ, ಬರೆದುಕೊಟ್ಟ ಸಂಭಾಷಣೆಯಿಲ್ಲ. ಕಥೆಯ ಕೊನೆ ಮೊದಲೇ ನಿಶ್ಚಯವಾದದ್ದು: ವಾಲಿ ಬೀಳಲೇಬೇಕು, ಕರ್ಣ ಸಾಯಲೇಬೇಕು, ಕೃಷ್ಣಸಂಧಾನ ಮುರಿಯಲೇಬೇಕು. ಆದರೆ ಬಾಣದಲ್ಲಿ ಸೋಲುವವನು ಮಾತಿನಲ್ಲಿ ಗೆಲ್ಲುವುದಕ್ಕೆ ಅಡ್ಡಿಯಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿ, ಮಾಗಧ, ರಾವಣ ಮುಂತಾದ ಪ್ರತಿನಾಯಕರ ಅರ್ಥಕ್ಕೆ ಹೆಸರಾದದ್ದು ಈ ಅವಕಾಶವನ್ನು ಪೂರ್ತಿಯಾಗಿ ಬಳಸಿಕೊಂಡಿದ್ದರಿಂದ. ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ನೆಲಕ್ಕೊರಗಿದ ವಾಲಿ ಪ್ರಶ್ನಿಸುವಾಗ, ರಾಮನ ಅರ್ಥಧಾರಿಗೆ ದೇವರ ಪಾತ್ರವಿದ್ದರೂ ಉತ್ತರ ಸುಲಭವಲ್ಲ. ದೇರಾಜೆ ಸೀತಾರಾಮಯ್ಯ, ಮಲ್ಪೆ ಶಂಕರನಾರಾಯಣ ಸಾಮಗ, ಮಲ್ಪೆ ರಾಮದಾಸ ಸಾಮಗ, ಕುಂಬಳೆ ಸುಂದರ ರಾವ್ ಇವರೆಲ್ಲ ತಮ್ಮ ತಮ್ಮ ಧಾಟಿಯಲ್ಲಿ ಈ ವಾಗ್ಯುದ್ಧವನ್ನು ಬೆಳೆಸಿದರು.

ತಾಳಮದ್ದಳೆಯ ಮೂದಲಿಕೆಗೆ ಸರಕು ಪುರಾಣಗಳಲ್ಲಿ ಬೇಕಾದಷ್ಟಿದೆ, ಅದನ್ನು ಸಮಯಕ್ಕೆ ಎತ್ತುವುದೇ ವಿದ್ಯೆ. ರಾವಣನ ಒಡ್ಡೋಲಗಕ್ಕೆ ದೂತನಾಗಿ ಬಂದ ಅಂಗದ ‘ನಮ್ಮಪ್ಪನ ಕಂಕುಳಿನ ವಾಸನೆ ನಿಮಗೆ ನೆನಪಿರಬೇಕು’ ಎಂಬಷ್ಟು ಹೇಳಿದರೆ ಸಾಕು, ವಾಲಿಯ ಕೈಗೆ ಸಿಕ್ಕಿಬಿದ್ದ ರಾವಣನ ಇಡೀ ಕಥೆ ಸಭಿಕರ ಕಣ್ಣ ಮುಂದೆ ಬರುತ್ತದೆ. ರಾವಣನೂ ಬಿಡಲಾರ, ತಂದೆಯನ್ನು ಕೊಂದವನ ದೂತನಾಗಿ ಬಂದ ಮಗನ ಪಿತೃಭಕ್ತಿಯನ್ನು ಕೊಂಡಾಡುತ್ತಾನೆ. ಇಬ್ಬರೂ ಆಡಿದ್ದು ಸತ್ಯ, ಇಬ್ಬರಿಗೂ ಗಾಯ. ಪುರಾಣಜ್ಞಾನವಿಲ್ಲದ ಕೇಳುಗನಿಗೆ ಇದರ ಅರ್ಧ ರುಚಿ ತಪ್ಪಿಹೋಗುತ್ತದೆ. ಈ ಕಲೆ ಬದುಕಿರುವುದು ಕಥೆ ಬಲ್ಲ ಪ್ರೇಕ್ಷಕರಿಂದ.

ಕಟ್ಟು ಇಲ್ಲಿ ಹಲವು ಪದರಗಳಲ್ಲಿದೆ. ಪದ್ಯದ ಆಶಯವನ್ನು ಬಿಟ್ಟು ಹೋಗುವಂತಿಲ್ಲ. ಪಾತ್ರದ ಘನತೆ ಕೆಡಬಾರದು. ಎದುರಿನವನಿಗೆ ಮಾತಿನ ಸರದಿ ಬಿಡಬೇಕು. ಭಾಗವತರು ಮುಂದಿನ ಪದ್ಯ ಎತ್ತಿದರೆ ವಾದ ಅಲ್ಲಿಗೆ ನಿಲ್ಲಬೇಕು. ಭಾಗವತರೇ ತೀರ್ಪುಗಾರರು. ಆದರೂ ಒಂದು ಅಪಾಯ ಈ ಪ್ರಕಾರದ ಹುಟ್ಟಿನಲ್ಲೇ ಇದೆ. ಅರ್ಥಧಾರಿ ಮುಖಕ್ಕೆ ಬಣ್ಣ ಹಚ್ಚಿರುವುದಿಲ್ಲ. ಕರ್ಣನಿಗೆ ಹೇಳಿದ್ದು ಕರ್ಣನಿಗೋ ಕರ್ಣನಾಗಿ ಕುಳಿತವನಿಗೋ ಎಂಬ ಅನುಮಾನ ಸದಾ ಇರುತ್ತದೆ. ಪಾತ್ರದ ನೆವದಲ್ಲಿ ವ್ಯಕ್ತಿಯನ್ನು ಕುಟುಕಿದಾಗ ಸಭೆ ಜೋರಾಗಿ ನಗುತ್ತದೆ ಎಂಬುದೂ ನಿಜ. ಒಳ್ಳೆಯ ಅರ್ಥಧಾರಿಗಳು ಈ ಗೆರೆಯ ಹತ್ತಿರ ಹತ್ತಿರ ಓಡಾಡುತ್ತಾರೆ, ದಾಟುವುದಿಲ್ಲ. ಆ ಸಂಯಮ ಕಲಿಯುವುದು ಪುರಾಣ ಕಲಿಯುವುದಕ್ಕಿಂತ ಕಷ್ಟ.

ಬೇರೆ ನಾಡುಗಳಲ್ಲೂ ಇಂಥ ವ್ಯವಸ್ಥಿತ ಕಾಳಗಗಳಿದ್ದವು. ಉಮಯ್ಯದ್ ಕಾಲದ ಅರಬ್ಬೀ ಕವಿಗಳಾದ ಜರೀರ್ ಮತ್ತು ಫರಝ್ದಕ್ ಸುಮಾರು ನಲವತ್ತು ವರ್ಷ ಒಬ್ಬರನ್ನೊಬ್ಬರು ಪದ್ಯಗಳಲ್ಲಿ ಹಳಿದರು. ಒಬ್ಬ ಬಳಸಿದ ಛಂದಸ್ಸು, ಪ್ರಾಸಗಳಲ್ಲಿಯೇ ಇನ್ನೊಬ್ಬ ಉತ್ತರಿಸಬೇಕೆಂಬುದು ಅಲ್ಲಿನ ಕಟ್ಟು. ಬಸ್ರಾದ ಮಿರ್ಬದ್ ಸಂತೆ ಅದಕ್ಕೆ ಸಭಾಂಗಣ. ಸ್ಕಾಟ್ಲೆಂಡಿನಲ್ಲಿ ನಾಲ್ಕನೆಯ ಜೇಮ್ಸ್ ಅರಸನ ಆಸ್ಥಾನದಲ್ಲಿ 1500ರ ಸುಮಾರಿಗೆ ಡನ್‌ಬಾರ್ ಮತ್ತು ಕೆನಡಿ ಎಂಬ ಕವಿಗಳು ಇದೇ ಬಗೆಯ ಬೈಗುಳದ ಕಾವ್ಯ ರಚಿಸಿದರು. ಗ್ರೀನ್‌ಲ್ಯಾಂಡಿನ ಇನ್ಯೂಟ್ ಜನ ವೈರವನ್ನು ಹಾಡಿನ ಸ್ಪರ್ಧೆಯಲ್ಲಿ ತೀರಿಸಿಕೊಳ್ಳುತ್ತಿದ್ದರು. ನೆರೆದವರ ನಗುವೇ ತೀರ್ಪು.

ಈ ಪೈಕಿ ಅತ್ಯಂತ ತಿಳಿವಳಿಕೆ ಕೊಟ್ಟದ್ದು ಅಮೆರಿಕದ ಕಪ್ಪು ಹುಡುಗರ ಬೀದಿಯಾಟ. ‘ಡಜನ್ಸ್’ ಎಂಬ ಆ ಆಟದಲ್ಲಿ ಇಬ್ಬರು ಹುಡುಗರು ಗೆಳೆಯರ ಗುಂಪಿನ ಎದುರು ಪರಸ್ಪರರ ತಾಯಂದಿರ ಮೇಲೆ ಒಂದಕ್ಕಿಂತ ಒಂದು ವಿಚಿತ್ರ ಮೂದಲಿಕೆ ಹೇಳುತ್ತಾ ಹೋಗುತ್ತಾರೆ. ಭಾಷಾವಿಜ್ಞಾನಿ ವಿಲಿಯಂ ಲೆಬೋವ್ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಇದನ್ನು ದಾಖಲಿಸಿ 1972ರಲ್ಲಿ ಅದರ ನಿಯಮಗಳನ್ನು ಬರೆದ. ಹೇಳಿದ್ದು ಸುಳ್ಳು ಎಂದು ಎಲ್ಲರಿಗೂ ಗೊತ್ತಿರಬೇಕು ಎಂಬುದು ಅವುಗಳಲ್ಲಿ ಮುಖ್ಯವಾದದ್ದು. ತಾಯಿ ಆಕಾಶದಷ್ಟು ದಪ್ಪ ಎಂದರೆ ಎದುರಿನವನು ಇನ್ನೂ ದೊಡ್ಡ ಸುಳ್ಳು ಹುಡುಕುತ್ತಾನೆ. ನಿಜವಾಗಿಯೂ ಮನೆಯಲ್ಲಿರುವ ಕಷ್ಟವನ್ನು ಎತ್ತಿದರೆ ಅವನು ‘ಇಲ್ಲ, ಹಾಗಲ್ಲ’ ಎಂದು ಸಮಜಾಯಿಷಿ ಕೊಡತೊಡಗುತ್ತಾನೆ, ಆಟ ಅಲ್ಲಿಗೆ ಮುರಿಯುತ್ತದೆ. ರೋಮಿನ ಸಿಸೆರೊ ಭಾಷಣಕಾರರಿಗೆ ಹೇಳಿದ್ದೂ ಇದರ ನೆರೆಯ ಮಾತು: ಘೋರ ಅಪರಾಧವೂ ಕಡುದುಃಖವೂ ಹಾಸ್ಯದ ವಸ್ತುಗಳಲ್ಲ. ಮೊದಲನೆಯದಕ್ಕೆ ಹಾಸ್ಯ ಸಾಲದು, ಎರಡನೆಯದಕ್ಕೆ ಹಾಸ್ಯ ಸಲ್ಲದು.

ಅಚ್ಚಿನ ಯುಗದಲ್ಲಿ ಕನ್ನಡದ ಮೂದಲಿಕೆ ಪತ್ರಿಕೆಗಳಿಗೆ ಬಂತು. ರಾಶಿ ಎಂದು ಹೆಸರಾದ ಡಾ. ಎಂ. ಶಿವರಾಂ 1942ರಲ್ಲಿ ಆರಂಭಿಸಿದ ‘ಕೊರವಂಜಿ’ ಕಾಲು ಶತಮಾನ ಕಾಲ ಸಮಾಜದ ಸೋಗುಗಳನ್ನು ನವಿರಾಗಿ ಕುಟುಕಿತು, ಆರ್.ಕೆ. ಲಕ್ಷ್ಮಣ್ ಅದಕ್ಕೆ ಚಿತ್ರ ಬರೆಯುತ್ತಿದ್ದರು. ಬೀಚಿಯವರ (1913–1980) ತಿಂಮ ದಡ್ಡನ ಸೋಗಿನಲ್ಲಿ ಜಾಣರನ್ನು ಪೇಚಿಗೆ ಸಿಕ್ಕಿಸಿದ. 1980ರಲ್ಲಿ ಹೊರಟ ಲಂಕೇಶ್ ಪತ್ರಿಕೆಯ ಭಾಷೆ ಬೇರೆ ಜಾತಿಯದು, ಅಧಿಕಾರಸ್ಥರನ್ನು ಹೆಸರು ಹಿಡಿದೇ ಕೆಣಕುವಂಥದ್ದು. ಕೈಲಾಸಂ, ಬೀಚಿ ಇವರ ಹೆಸರಿನಲ್ಲಿ ಓಡಾಡುವ ಚಾಟು ಉತ್ತರಗಳಲ್ಲಿ ಬಹಳಷ್ಟಕ್ಕೆ ಅವರೇ ಕರ್ತೃಗಳೆಂಬುದಕ್ಕೆ ಆಧಾರವಿಲ್ಲ. ಹಿಂದೆ ತೆನಾಲಿ ರಾಮಕೃಷ್ಣನಿಗೂ ಇಂಗ್ಲಿಷಿನಲ್ಲಿ ಚರ್ಚಿಲ್‌ಗೂ ಹೀಗೆಯೇ ಆಗಿದೆ. ಚರ್ಚಿಲ್ ಲೇಡಿ ಆಸ್ಟರ್‌ಗೆ ಹೇಳಿದನೆಂಬ ವಿಷದ ಕಾಫಿಯ ಜವಾಬು (‘ಗಂಡನಾಗಿದ್ದರೆ ಕಾಫಿಗೆ ವಿಷ ಹಾಕುತ್ತಿದ್ದೆ’ ಎಂದವಳಿಗೆ ‘ಹೆಂಡತಿಯಾಗಿದ್ದರೆ ಕುಡಿದುಬಿಡುತ್ತಿದ್ದೆ’ ಎಂದದ್ದು) 1900ರ ಆಸುಪಾಸಿನಲ್ಲಿಯೇ ಅಮೆರಿಕದ ಪತ್ರಿಕೆಗಳಲ್ಲಿ ಅನಾಮಧೇಯ ಹಾಸ್ಯವಾಗಿ ಅಚ್ಚಾಗಿತ್ತು. ಒಳ್ಳೆಯ ಮೂದಲಿಕೆ ತನಗೆ ತಕ್ಕ ದೊಡ್ಡ ಬಾಯಿಯನ್ನು ಹುಡುಕಿಕೊಂಡು ಹೋಗುತ್ತದೆ.

ಅಚ್ಚಾದ ಮಾತಿಗೆ ಕಾನೂನಿನ ಕಟ್ಟೂ ಬಂತು. 1860ರ ಭಾರತೀಯ ದಂಡ ಸಂಹಿತೆಯ 499ನೆಯ ಕಲಮು ಮಾನನಷ್ಟವನ್ನು ಅಪರಾಧವೆಂದು ಕರೆದು, ವ್ಯಂಗ್ಯವಾಗಿ ಹೇಳಿದ ಆರೋಪವೂ ಮಾನನಷ್ಟವಾಗಬಹುದು ಎಂದು ವಿವರಣೆಯಲ್ಲಿ ಸೇರಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 356ನೆಯ ಕಲಮಿನಲ್ಲಿಯೂ ಅದು ಮುಂದುವರಿದಿದೆ. ಮಾಘನ ದೂತನ ಕವಚ ಇಂದಿನ ನ್ಯಾಯಾಲಯದಲ್ಲಿ ಪೂರ್ತಿ ಕಾಯಲಾರದು. ಸಭೆಯಲ್ಲಿ ಆಡಿದ ಮಾತಿಗೂ ಇಂಥ ಕಟ್ಟುಂಟು: ಲೋಕಸಭೆಯ 380ನೆಯ ನಿಯಮದಂತೆ ಅಸಭ್ಯವೋ ಮಾನಹಾನಿಕರವೋ ಆದ ಮಾತನ್ನು ಸಭಾಧ್ಯಕ್ಷರು ಕಡತದಿಂದ ತೆಗೆಸಬಹುದು.

ಪರಂಪರೆಯ ಇನ್ನೊಂದು ಮುಖವನ್ನೂ ಇಲ್ಲಿ ನೋಡಬೇಕು. ಕನ್ನಡದ ಗಾದೆಗಳಲ್ಲಿ, ನಗೆಹನಿಗಳಲ್ಲಿ, ಹಳೆಯ ಪ್ರಹಸನಗಳಲ್ಲಿ ಜಾತಿಯ ಹೆಸರು ಹಿಡಿದು, ವಿಧವೆಯನ್ನು, ಕುರುಡ–ಕುಂಟರನ್ನು, ಮೈಬಣ್ಣವನ್ನು ಹಿಡಿದು ನಗಿಸಿದ್ದು ಕಡಿಮೆಯೇನಲ್ಲ. ಇವುಗಳಲ್ಲಿ ಎಷ್ಟೋ ಚಮತ್ಕಾರವಾಗಿಯೂ ಇವೆ. ಆದರೆ ಮೂದಲಿಸಿಕೊಂಡವರು ಆ ಸಭೆಯಲ್ಲಿ ಸಮಾನರಾಗಿ ಕುಳಿತು ಉತ್ತರ ಕೊಡುವ ಸ್ಥಿತಿಯಲ್ಲಿ ಇರಲೇ ಇಲ್ಲ. ರಾಗಿಗೆ ಸಿಕ್ಕ ಸರದಿ ಅವರಿಗೆ ಸಿಗಲಿಲ್ಲ. ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ಪರಿಶಿಷ್ಟ ಜಾತಿ, ಪಂಗಡದವರನ್ನು ಹೀನಾಯಗೊಳಿಸುವ ಉದ್ದೇಶದಿಂದ ಅವಮಾನಿಸುವುದನ್ನು 1989ರ ದೌರ್ಜನ್ಯ ತಡೆ ಕಾಯಿದೆ ಶಿಕ್ಷಾರ್ಹಗೊಳಿಸಿದ್ದು ಈ ಅಸಮತೆಯ ಅರಿವಿನಿಂದ. ಹಾಸ್ಯ ಎಂಬ ಸಮರ್ಥನೆ ಇಲ್ಲಿ ನಿಲ್ಲುವುದಿಲ್ಲ, ನಿಲ್ಲಲೂಬಾರದು. ಹುಟ್ಟಿನಿಂದ ಬಂದದ್ದನ್ನು ಚುಚ್ಚಲು ಜಾಣ್ಮೆ ಬೇಕಾಗಿಲ್ಲ. ಮೇಲೆ ಕುಳಿತಿದ್ದರೆ ಸಾಕು.

ಈಚಿನ ವರ್ಷಗಳಲ್ಲಿ ಕಟ್ಟಿನ ಪ್ರಶ್ನೆ ಇನ್ನೊಂದು ರೂಪದಲ್ಲಿ ಎದ್ದಿದೆ. ನಾಲ್ಕೈದು ಗಂಟೆಯ ತಾಳಮದ್ದಳೆಯಿಂದ ಒಂದು ನಿಮಿಷದ ತುಣುಕು ಕತ್ತರಿಸಿ ಮೊಬೈಲಿನಿಂದ ಮೊಬೈಲಿಗೆ ಹರಿಬಿಡುವುದು ಈಗ ವಾಡಿಕೆ. ಹಿಂದಿನ ಪದ್ಯವಿಲ್ಲ, ಎದುರಾಳಿಯ ಉತ್ತರವಿಲ್ಲ, ಭಾಗವತರ ತಡೆಯೂ ಇಲ್ಲ; ರಾವಣ ಅಂಗದನಿಗೆ ಹೇಳಿದ್ದು ಒಬ್ಬ ಕಲಾವಿದ ಇನ್ನೊಬ್ಬನಿಗೆ ಹೇಳಿದ್ದಾಗಿ ಕೇಳಿಸುತ್ತದೆ. ಸಭೆಯಲ್ಲಿ ಇದ್ದವರಿಗೆ ಪೂರ್ವಾಪರ ಗೊತ್ತಿತ್ತು, ತುಣುಕು ನೋಡಿದವರಿಗೆ ಗೊತ್ತಿಲ್ಲ. ಅರ್ಥಧಾರಿಯ ಎದುರು ಈಗ ಎರಡು ಬಗೆಯ ಕೇಳುಗರಿದ್ದಾರೆ: ಕಥೆಯ ಜೊತೆ ಕೊನೆಯವರೆಗೆ ಕುಳಿತವರು ಒಂದು ಕಡೆ, ಮಾತಿನ ಚೂರು ಮಾತ್ರ ಕೈಗೆ ಸಿಕ್ಕವರು ಇನ್ನೊಂದು ಕಡೆ. ಯಾರ ನಗುವಿಗಾಗಿ ಮಾತು ಕಟ್ಟಬೇಕೆಂಬುದನ್ನು ಪ್ರತಿ ಕೂಟದಲ್ಲೂ ಅವನೇ ತೀರ್ಮಾನಿಸಿಕೊಳ್ಳಬೇಕಾಗಿದೆ.